ಎಕ್ಸ್‌ರೇ ನಾರ್ಮಲ್ ಅಂದ್ರು, ಆದರೂ ಬೌಲಿಂಗ್ ಮಾಡಿದ್ರೆ ಮಗನಿಗೆ ಸೊಂಟ ನೋವು

ಮಲೆನಾಡ ಅಮ್ಮ:

ನಮಸ್ಕಾರ. ಶಿವಮೊಗ್ಗದಿಂದ ಬರೀತಿದ್ದೀನಿ. ಮಗನಿಗೆ 15 ವರ್ಷ, ಬಲಗೈ ಫಾಸ್ಟ್ ಬೌಲರ್. ಈ ವರ್ಷ ಹೇಗೆ ಉದ್ದ ಆಗಿದ್ದಾನೆ ಅಂದ್ರೆ ಯುಗಾದಿಗೆ ಹೊಲಿಸಿದ ಪ್ಯಾಂಟು ದಸರಾಕ್ಕೆ ಗಿಡ್ಡ. ಎರಡು ತಿಂಗಳಿಂದ ಸೊಂಟ ನೋವು ಅಂತಿದ್ದಾನೆ. ಎಲ್ಲಿ ಅಂತ ಕೇಳಿದ್ರೆ ಅಂಗೈ ಇಟ್ಟು ತೋರಿಸಲ್ಲ, ಎಡಗಡೆ ಬೆಲ್ಟಿನ ಕೆಳಗೆ ಒಂದೇ ಬೆರಳಿಟ್ಟು "ಇಲ್ಲೇ" ಅಂತಾನೆ.

ವಿಚಿತ್ರ ಏನಂದ್ರೆ, ಬಗ್ಗಿ ಶೂ ಲೇಸ್ ಕಟ್ಟೋಕೆ ಏನೂ ತೊಂದರೆ ಇಲ್ಲ. ಮೊನ್ನೆ ಅಟ್ಟದ ಮೇಲಿನ ಹಪ್ಪಳದ ಡಬ್ಬಿ ತೆಗಿ ಅಂದೆ. ಕೈ ಮೇಲೆತ್ತಿ ಸ್ವಲ್ಪ ಹಿಂದಕ್ಕೆ ವಾಲಿದ ಅಷ್ಟೆ, "ಅಮ್ಮಾ" ಅಂತ ಅಲ್ಲೇ ಕೂತ.

ಡಾಕ್ಟರ್ ಎಕ್ಸ್‌ರೇ ನೋಡಿ ಏನಿಲ್ಲ, ಕ್ಯಾಚ್ ಆಗಿದೆ ಅಂದ್ರು. ಐದು ದಿನ ಮಾತ್ರೆ, ಒಂದು ಬೆಲ್ಟು. ಮಾತ್ರೆ ನುಂಗಿ ಭಾನುವಾರ ಆಡಿದ, ಸೋಮವಾರ ಹಾಸಿಗೆಯಿಂದ ಏಳೋಕೆ ಗೋಡೆ ಹಿಡ್ಕೊಂಡ. ಕೋಚ್ ಕೇಳಿದ್ರೆ ಬೆಳೆಯೋ ವಯಸ್ಸು, ಇದ್ದದ್ದೇ ಅಂತಾರೆ. ನಮ್ಮತ್ತೆ ಬೇರೆ, ಉಳುಕಿದೆ, ಕಾಲು ಮುಂದಾಗಿ ಹುಟ್ಟಿದವರ ಹತ್ರ ತುಳಿಸಿದ್ರೆ ಹೋಗುತ್ತೆ ಅಂತ ಪಕ್ಕದ ಬೀದಿಲಿ ಒಬ್ಬರನ್ನ ಹುಡುಕಿಯೂ ಇಟ್ಟಿದ್ದಾರೆ! ಯಾರ ಮಾತು ಕೇಳಲಿ?

ಹುಬ್ಬಳ್ಳಿ ಔಟ್‌ಸ್ವಿಂಗರ್:

ಅಕ್ಕಾರ, ಮೊದಲ ಆ ತುಳಿಯೋರನ್ನ ಮನಿಗೆ ಕಳಸ್ರಿ.

ನಾನೂ ಒಂದ್ ಕಾಲಕ್ಕ ಹಿಂಗ ಬೆಲ್ಟ್ ಕಟ್ಕೊಂಡು, ಗುಳಿಗಿ ನುಂಗಿ ಬಾಲ್ ಹಾಕಿದಾಂವ. ಹದಿನೇಳಕ್ಕ ನನ್ನ ಕ್ರಿಕೆಟ್ ಮುಗೀತು. ಈಗ ನಲವತ್ತಾರು, ಗ್ಯಾಸ್ ಸಿಲಿಂಡರ್ ಎತ್ತೂದಕ್ಕ ಹೆಂಡ್ತಿ ಬರಬೇಕು.

ಒಂದ್ ಮಾತ ಕೇಳ್ತೀನಿ. ವಾರಕ್ಕ ಎಷ್ಟ ಬಾಲ್ ಹಾಕ್ತಾನ ನಿಮ್ಮ ಹುಡುಗ? ಸಾಲಿ ಸರ್ ತಮ್ಮ ನೆಟ್ಸ್ ಲೆಕ್ಕ ಇಟ್ಟಿರ್ತಾರ, ಕ್ಲಬ್ ಕೋಚ್ ತಂದ ಇಟ್ಟಿರ್ತಾನ. ಟೆನಿಸ್ ಬಾಲ್ ಟೂರ್ನಮೆಂಟಿನೋರಿಗೆ ಕಪ್ ಒಂದ ಕಾಣಸ್ತದ. ಎಲ್ಲಾ ಕೂಡಿಸಿ ಎಣಿಸೋರು ಯಾರ? ನೀವ ಎಣಿಸ್ರಿ. ಇಂಗ್ಲೆಂಡ್ ಬೋರ್ಡಿನೋರು 15ರ ಒಳಗಿನ ಫಾಸ್ಟ್ ಬೌಲರ್‌ಗೆ ಒಂದ್ ಸ್ಪೆಲ್‌ಗೆ, ಅಂದ್ರ ಬಿಡುವಿಲ್ಲದ ಒಂದ್ ಸರತಿಗೆ, 6 ಓವರ್, ದಿನಕ್ಕ 12 ಅಂತ ಗೆರಿ ಎಳದಿದ್ರು. ನಮ್ಮಲ್ಲಿ ಹುಡುಗ ವಿಕೆಟ್ ತಗೊಂಡ ಅಂದ್ರ ಇನ್ನೊಂದ್ ಓವರ್ ಕೊಡ್ತಾರ.

ಮೈಸೂರು ಫಿಸಿಯೋ:

ಸ್ಕ್ಯಾನ್ ನೋಡದೆ ಇದೇ ಅಂತ ಹೇಳಲ್ಲ. ಆದರೆ ನೀವು ಬರೆದ ಎರಡು ವಿಷಯ ನನ್ನನ್ನ ಇಲ್ಲಿ ನಿಲ್ಲಿಸಿತು: ಬಲಗೈ ಬೌಲರ್‌ಗೆ ಎಡಗಡೆ ನೋವು, ಅದೂ ಹಿಂದಕ್ಕೆ ವಾಲಿದಾಗ. ಚೆಂಡು ಬಿಡೋ ಹೊತ್ತಿಗೆ ಅವನ ಮುಂದಿನ ಕಾಲು ನೆಲಕ್ಕೆ ಬಡಿದಿರುತ್ತೆ, ಆ ಹೊಡೆತ ನೇರ ಸೊಂಟಕ್ಕೆ ಏರುತ್ತೆ. ಅದೇ ಕ್ಷಣ ಸೊಂಟ ಹಿಂದಕ್ಕೂ ಬಾಗಿ, ಎಡಕ್ಕೂ ವಾಲಿ, ತಿರುಗ್ತಾನೂ ಇರುತ್ತೆ. ಕಶೇರುಖಂಡದ, ಅಂದ್ರೆ ಬೆನ್ನುಮೂಳೆಯ ಒಂದೊಂದು ಮಣಿಯ, ಹಿಂಭಾಗದಲ್ಲಿ ಒಂದು ಸಣ್ಣ ಮೂಳೆಯ ಸೇತುವೆ ಇದೆ, ಪಾರ್ಸ್ ಅಂತೀವಿ. ತಂತಿಯನ್ನ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದ ಹಾಗೆ, ಅದು ದಣಿದು ಬಿರುಕು ಬಿಡುತ್ತೆ. ಈ ವಯಸ್ಸಲ್ಲಿ ಆ ಮೂಳೆ ಇನ್ನೂ ಪೂರ್ತಿ ಬಲಿತಿರಲ್ಲ.

ಶುರುವಿನಲ್ಲಿ ಇದು ಎಕ್ಸ್‌ರೇಗೆ ಸಿಗದೇ ಇರೋದೇ ಹೆಚ್ಚು. ಎಂಆರ್‌ಐನಲ್ಲಿ ಬಿರುಕು ಬೀಳೋ ಮುಂಚೆಯೇ ಮೂಳೆಯೊಳಗಿನ ಊತ ಕಾಣಿಸಬಹುದು. ಮೂಳೆ ಡಾಕ್ಟರ್‌ಗೆ "ಪಾರ್ಸ್ ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದಾ?" ಅಂತ ಬಾಯಿಬಿಟ್ಟು ಕೇಳಿ. ಬೇಗ ಸಿಕ್ಕಿದ್ರೆ ಬೌಲಿಂಗ್ ನಿಲ್ಲಿಸಿದ್ರೇನೆ ಕೂಡಿಕೊಳ್ಳುವ ಸಾಧ್ಯತೆ ಚೆನ್ನಾಗಿರುತ್ತೆ, ಆಪರೇಷನ್ ಬೇಕಾಗೋದು ಅಪರೂಪ. ಮಾತ್ರೆ ನುಂಗಿ ಆಡಿಸೋದು ಮಾತ್ರ ಬೇಡ. ನೋವು ಕಾಣದ ಹಾಗೆ ಮಾಡಿದ್ರೆ ಬಿರುಕು ನಿಲ್ಲಲ್ಲ.

ರಾತ್ರಿ ನಿದ್ದೆ ಕೆಡಿಸೋ ನೋವು, ಜ್ವರ, ಕಾಲು ಜೋಮು, ಮೂತ್ರ ಹಿಡಿತ ತಪ್ಪೋದು, ಇದರಲ್ಲಿ ಒಂದಿದ್ರೂ ನಾಳೆಗೆ ಕಾಯಬೇಡಿ.

ಈಜುಕೊಳದ ದಡ:

ನಮ್ಮದು ಕುತ್ತಿಗೆ ಕಥೆ. ಮಗಳು ಫ್ರೀಸ್ಟೈಲ್ ಈಜ್ತಾಳೆ, ಯಾವಾಗಲೂ ಬಲಕ್ಕೇ ತಿರುಗಿ ಉಸಿರು. ತಲೆದಿಂಬು ಮೂರು ಬದಲಾಯಿಸಿದ್ವಿ, ದುಡ್ಡು ದಂಡ. ಎರಡೂ ಕಡೆ ಉಸಿರು ತಗೊಳ್ಳೋಕೆ ಕಲಿಸಿದ ಮೇಲೆ ಕಮ್ಮಿ ಆಯ್ತು. ನಿಮ್ಮ ಮಗನ ಆಕ್ಷನ್ ಕೂಡ ವಿಡಿಯೋ ಮಾಡಿ ಯಾರಿಗಾದ್ರೂ ತೋರಿಸಿ.

ಮಲೆನಾಡ ಅಮ್ಮ:

ಹುಬ್ಬಳ್ಳಿ ಅಣ್ಣ, ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಕೂಡಿಸಿದೆ. ಶಾಲೆ ನೆಟ್ಸ್ ಮೂರು ದಿನ, 108. ಕ್ಲಬ್ ಎರಡು ದಿನ, ಅಲ್ಲಿ ಓವರ್ ಲೆಕ್ಕವೇ ಇಲ್ಲ, ಅವನೇ ಹೇಳಿದ ಪ್ರಕಾರ 160. ಶನಿವಾರದ ಮ್ಯಾಚು 60. ಭಾನುವಾರ ಟೆನಿಸ್ ಬಾಲ್ 48. ಒಟ್ಟು 376, ವೈಡು ನೋಬಾಲು ಬಿಟ್ಟು. ಅವರಪ್ಪ ಮತ್ತೊಂದು ಸಲ ಕೂಡಿಸಿ ನೋಡಿದ್ರು, ಅಷ್ಟೇ ಬಂತು. ಏಳರಲ್ಲಿ ಒಂದು ದಿನವೂ ಬಿಡುವು ಇಲ್ಲ ಅನ್ನೋದು ಬರೆದ ಮೇಲೇನೇ ನನಗೆ ಕಂಡಿದ್ದು.

ಎಂಆರ್‌ಐ ಆಯ್ತು. ಸೊಂಟದ ಕೊನೆಯ ಕಶೇರು, ಎಡಗಡೆ ಪಾರ್ಸ್, ಶುರುವಿನ ಹಂತ. ಕನಿಷ್ಠ ಮೂರು ತಿಂಗಳು ಬೌಲಿಂಗ್ ಇಲ್ಲ ಅಂದ್ರು. ಮನೆಗೆ ಬರೋ ತನಕ ಆಟೋದಲ್ಲಿ ಮಾತೇ ಆಡಲಿಲ್ಲ ಅವನು. ರಾತ್ರಿ ನನಗೆ ಫೋನ್ ತೋರಿಸಿದ: ಬುಮ್ರಾ, ನಮ್ಮ ಪ್ರಸಿದ್ಧ್ ಕೃಷ್ಣ ಇಬ್ಬರೂ ಬೆನ್ನಿನ ತೊಂದರೆಯಿಂದ ತಿಂಗಳುಗಟ್ಟಲೆ ಹೊರಗಿದ್ದು, 2023ರ ಆಗಸ್ಟಿನಲ್ಲಿ ಐರ್ಲೆಂಡ್‌ನಲ್ಲಿ ಒಂದೇ ಮ್ಯಾಚಲ್ಲಿ ವಾಪಸ್ ಬಂದಿದ್ದಾರೆ. ಆಸ್ಟ್ರೇಲಿಯಾದ ಹಳೇ ಫಾಸ್ಟ್ ಬೌಲರ್ ಲಿಲ್ಲೀಗೂ 1973ರಲ್ಲಿ ಹೀಗೇ ಆಗಿತ್ತಂತೆ. ಆ ಹೆಸರು ನಾನು ಕೇಳಿರಲಿಲ್ಲ, ಅವರಪ್ಪ ಕೇಳಿ ಎದ್ದು ಕೂತ್ರು.

ಈಗ ಹೊಸ ರಾಗ. ಹದಿನೈದು ದಿನದಲ್ಲಿ ಶಾಲೆ ಫೈನಲ್ ಇದೆ, ಬ್ಯಾಟಿಂಗ್ ಮಾತ್ರ ಮಾಡ್ತೀನಿ ಅಂತಾನೆ. ಕಳಿಸಬಹುದಾ?

ಮೈಸೂರು ಫಿಸಿಯೋ:

ಬೇಡ. ಬ್ಯಾಟ್ ಬೀಸೋಕೂ ಅದೇ ಸೊಂಟ ತಿರುಗಬೇಕು, ಫೀಲ್ಡಿಂಗಲ್ಲಿ ಬೌಂಡರಿಯಿಂದ ಒಂದು ಥ್ರೋ ಹಾಕಿದ್ರೆ ಮುಗೀತು. ಸ್ಕೋರ್ ಬುಕ್ ಕೊಟ್ಟು ಕೂರಿಸಿ. ಉಳಿದ ಬೌಲರ್‌ಗಳು ಎಷ್ಟು ಬಾಲ್ ಹಾಕ್ತಾರೆ ಅಂತ ಅವನೇ ಬರೀಲಿ.

ಹುಬ್ಬಳ್ಳಿ ಔಟ್‌ಸ್ವಿಂಗರ್:

376! ಯಪ್ಪಾ. ಆ ಕ್ಯಾಲೆಂಡರ್ ಕೋಚ್‌ಗೆ ಫೋಟೋ ತಗದು ಕಳಸ್ರಿ ಅಕ್ಕಾರ.