ಅಡಿಕೆ ಸುಲಿಯುವ ರಾತ್ರಿಗೆ ಕ್ರಿಸ್‌ಮಸ್ ಕಾದಂಬರಿ: ಯಾವುದನ್ನು ಓದಿ ಹೇಳಬಹುದು?

ತೋಟದಮನೆ, ತೀರ್ಥಹಳ್ಳಿ
ಡಿಸೆಂಬರ್ ಮೂರನೇ ವಾರ ಕೊಯ್ಲು ಜೋರು. ರಾತ್ರಿ ಊಟವಾದ ಮೇಲೆ ಎಲ್ಲರೂ ಮೆಟ್ಟುಗತ್ತಿ ಮುಂದೆ. ಒಬ್ಬರು ಓದಿ ಹೇಳುವುದು, ಉಳಿದವರು ಸುಲಿಯುತ್ತ ಕೇಳುವುದು. ಹೈಸ್ಕೂಲ್ ಮಕ್ಕಳೂ ಇರುತ್ತಾರೆ, ಅವರಿಗೆ ಈ ಸಲ ಕ್ರಿಸ್‌ಮಸ್ ಕತೆಯೇ ಬೇಕಂತೆ. ಇಂಗ್ಲಿಷ್ ನೋಡಿಕೊಂಡು ಕನ್ನಡದಲ್ಲಿ ಹೇಳಬೇಕು, ದಿನಕ್ಕೆ ಒಂದು ಗಂಟೆ, 24ಕ್ಕೆ ಮುಗಿಯಬೇಕು. ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’, ಅಗಾಥಾ ಕ್ರಿಸ್ಟಿಯ ‘ಹರ್ಕ್ಯೂಲ್ ಪೊಯಿರೋಸ್ ಕ್ರಿಸ್‌ಮಸ್’, ಇವೆರಡರಲ್ಲಿ ಯಾವುದು ಒಗ್ಗೀತು?

ಹಳೇಪುಸ್ತಕ, ಶಿವಮೊಗ್ಗ
ಕಣ್ಣು ಮುಚ್ಚಿ ಡಿಕನ್ಸ್ ಹಿಡಿಯಿರಿ. 1843ರ ಡಿಸೆಂಬರ್ 19ಕ್ಕೆ ಬಂದ ಪುಸ್ತಕ, ಕಿವಿಗೆಂದೇ ಬರೆದಂತಿದೆ. 1853ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಡಿಕನ್ಸ್ ತಾನೇ ಜನರ ಮುಂದೆ ನಿಂತು ಓದಿದ್ದ. ಒಟ್ಟು ಐದು ಅಧ್ಯಾಯ, ಸುಮಾರು 28,000 ಪದ. ಇಂಗ್ಲಿಷ್‌ನಲ್ಲೇ ಗಟ್ಟಿಯಾಗಿ ಓದಿದರೆ ಮೂರು ಗಂಟೆ ಹಿಡಿಯುತ್ತದೆ, ಕನ್ನಡದಲ್ಲಿ ಬಿಡಿಸಿ ಹೇಳುವಾಗ ಅದರ ಎರಡರಷ್ಟು. ಹಾಗಾಗಿ 19ಕ್ಕೇ ಶುರು ಮಾಡಿ.

ಮೂರನೇ ಅಧ್ಯಾಯವೇ ಅತಿ ಉದ್ದ, ಒಂದೇ ರಾತ್ರಿ ಎಳೆದರೆ ಮಕ್ಕಳು ತೂಕಡಿಸುತ್ತಾರೆ. ಗುಮಾಸ್ತ ಬಾಬ್ ಕ್ರ್ಯಾಚಿಟ್ ಮನೆಯ ಊಟ ಮುಗಿದಲ್ಲಿ ನಿಲ್ಲಿಸಿ. ಗಣಿ ಕೆಲಸದವರ ಗುಡಿಸಲು, ದೀಪಸ್ತಂಭ, ಹಡಗು ಮರುದಿನಕ್ಕಿರಲಿ. ಕೊನೆಯ ಅಧ್ಯಾಯ ಚಿಕ್ಕದು, ಅದು ಶುರುವಾಗುವುದೂ ಕ್ರಿಸ್‌ಮಸ್ ಬೆಳಗ್ಗೆಯೇ. 24ರ ರಾತ್ರಿಗೆ ಸರಿಹೋಗುತ್ತದೆ.

ಎಡವುವುದು ಪುಸ್ತಕ ಆರಿಸುವಾಗ. ಶಾಲೆಗೆಂದು ಕತ್ತರಿಸಿದ ಪ್ರತಿಗಳೇ ಅಂಗಡಿಯಲ್ಲಿ ಹೆಚ್ಚು. ಮೂರನೇ ಅಧ್ಯಾಯದ ಕೊನೆಯಲ್ಲಿ ಕತೆಯಲ್ಲಿ ಬರುವ ಕ್ರಿಸ್‌ಮಸ್ ಭೂತದ ನಿಲುವಂಗಿಯೊಳಗಿಂದ ಅಜ್ಞಾನ ಮತ್ತು ದಾರಿದ್ರ್ಯ ಎಂಬ ಇಬ್ಬರು ಬಡಕಲು ಮಕ್ಕಳು ಹೊರಬರಬೇಕು. ಅವರಿಲ್ಲದ ಪ್ರತಿ ಬೇಡವೇ ಬೇಡ, ಪುಸ್ತಕದ ಸಿಟ್ಟೆಲ್ಲ ಇರುವುದು ಅಲ್ಲಿ. ಹಳೆಯ ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ 46ನೇ ಸಂಖ್ಯೆಯ ಪುಸ್ತಕ ಪೂರ್ತಿ ಇದೆ, ಉಚಿತ. ಕರೆಂಟು, ನೆಟ್‌ವರ್ಕ್ ನಂಬಿ ಕೂರಬೇಡಿ, ಮೊದಲೇ ಮೊಬೈಲ್‌ಗೆ ಇಳಿಸಿಕೊಳ್ಳಿ.

ಇನ್ನು ಎರಡು ವಿಷಯ ಮೊದಲೇ ಹೇಳಿಬಿಡಿ. ಬಾಬ್‌ನ ಸಂಬಳ ವಾರಕ್ಕೆ 15 ಶಿಲ್ಲಿಂಗ್, 20 ಶಿಲ್ಲಿಂಗ್ ಸೇರಿದರೆ ಒಂದು ಪೌಂಡ್. ಪುಡಿಂಗನ್ನು ಬಟ್ಟೆಯಲ್ಲಿ ಕಟ್ಟಿ, ಬಟ್ಟೆ ಕುದಿಸುವ ತಾಮ್ರದ ಹಂಡೆಯಲ್ಲೇ ಬೇಯಿಸುತ್ತಾರೆ. ಇದು ಗೊತ್ತಿಲ್ಲದಿದ್ದರೆ, ಪುಡಿಂಗ್ ಇಳಿಸುವಾಗ ಬಟ್ಟೆ ಒಗೆಯುವ ದಿನದ ವಾಸನೆ ಏಕೆ ಬಂತೆಂದು ಯಾರಿಗೂ ತಿಳಿಯುವುದಿಲ್ಲ.

ಪತ್ತೇದಾರಿಪ್ರಿಯೆ, ಕೊಪ್ಪ
ಕ್ರಿಸ್ಟಿ ನನಗೆ ಬಹಳ ಇಷ್ಟ, ಆದರೆ ಸುಲಿಯುವ ಜಾಗಕ್ಕೆ ಅದು ಹೊಂದದು. 1938ರ ಆ ಕಾದಂಬರಿಯಲ್ಲಿ ಮುದುಕ ಸಿಮಿಯನ್ ಲೀ, ಗಂಡುಮಕ್ಕಳು, ಸೊಸೆಯರು, ಮೊಮ್ಮಗಳು ಎಂದು ಮನೆ ತುಂಬ ಜನ. ಸುಳಿವು ಒಂದೊಂದೇ ಸಾಲಿನಲ್ಲಿ ಹಾದುಹೋಗುತ್ತದೆ. ಯಾರಾದರೂ ಬುಟ್ಟಿ ಖಾಲಿ ಮಾಡಲು ಎದ್ದರೆ ಅದೇ ತಪ್ಪಿಹೋಗುತ್ತದೆ, ಕೊನೆಗೆ ಕೊಲೆಗಾರ ಯಾರೆಂದು ತಿಳಿದರೂ ರುಚಿಸುವುದಿಲ್ಲ. ರಕ್ತವೂ ಸ್ವಲ್ಪ ಹೆಚ್ಚೇ.

ಒಬ್ಬರೇ ಓದುವುದಾದರೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಭಾಗಗಳಿಗೆ ಡಿಸೆಂಬರ್ 22ರಿಂದ 28ರವರೆಗಿನ ತಾರೀಕುಗಳೇ ಹೆಸರು, ಆಯಾ ದಿನ ಆಯಾ ಭಾಗ ಓದಬಹುದು. 24ರ ಭಾಗಕ್ಕೆ ಮಾತ್ರ ಹೆಚ್ಚು ಹೊತ್ತು ಇಟ್ಟುಕೊಳ್ಳಿ, ಕೊಲೆಯೂ ವಿಚಾರಣೆಯೂ ಅಂದೇ. ಮನೆಯವರ ವಂಶವೃಕ್ಷವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಹಿಂದೆ ತಿರುಗಿಸುವ ಕೆಲಸ ತಪ್ಪುತ್ತದೆ.

ತೋಟದಮನೆ, ತೀರ್ಥಹಳ್ಳಿ
ಡಿಕನ್ಸ್ ನಿಕ್ಕಿ. ಸುಲಿಯುವ ಕೆಲಸ ಜನವರಿಯಲ್ಲೂ ಇರುತ್ತದಲ್ಲ, ಆಮೇಲೆ ಏನು?

ಕತೆಚೀಲ, ಸಾಗರ
ರಷ್ಯನ್ ಲೇಖಕ ಗೊಗೊಲ್‌ನ ‘ಕ್ರಿಸ್‌ಮಸ್ ಹಿಂದಿನ ರಾತ್ರಿ’ ಓದಿ ಮಾರಾಯ್ರೆ. 1832ರ ನೀಳ್ಗತೆ, ಎರಡು ಮೂರು ರಾತ್ರಿಗೆ ಸಾಕು. ದೆವ್ವ ಚಂದ್ರನನ್ನು ಕದಿಯುತ್ತದೆ, ಕಮ್ಮಾರ ವಕೂಲ ಅದರ ಬೆನ್ನೇರಿ ರಾಣಿಯ ಪಾದರಕ್ಷೆ ತರಲು ಪೀಟರ್ಸ್‌ಬರ್ಗ್‌ಗೆ ಹಾರುತ್ತಾನೆ. ಹುಡುಗ ಹುಡುಗಿಯರು ಮನೆಮನೆಗೆ ಹಾಡುತ್ತ ಹೋಗಿ ಚೀಲ ತುಂಬಿಸಿಕೊಳ್ಳುವುದನ್ನು ಹೇಳುವಾಗ ನಮ್ಮ ದೀಪಾವಳಿಯ ಅಂಟಿಗೆ ಪಂಟಿಗೆ ನೆನಪಿಸಿ, ಬೇರೆ ವಿವರಣೆ ಬೇಡ. ವಕೂಲನ ತಾಯಿ ಸೊಲೋಖಳ ಮನೆಯಲ್ಲಿ ಯಾವ ಚೀಲದೊಳಗೆ ಯಾರು ಅಡಗಿದರು ಎಂಬುದನ್ನು ಮಾತ್ರ ನಿಧಾನವಾಗಿ ಹೇಳಿ. ಅದು ಕಲಸಿಹೋದರೆ ಮುಂದಿನ ನಗೆ ಹುಟ್ಟುವುದಿಲ್ಲ. ರಷ್ಯದ ಆರ್ಥೊಡಾಕ್ಸ್ ಚರ್ಚಿಗೆ ಕ್ರಿಸ್‌ಮಸ್ ಜನವರಿ 7, ಆದ್ದರಿಂದ 6ರ ರಾತ್ರಿ ಮುಗಿಯುವಂತೆ ಓದಿದರೂ ತಡವಾಯಿತು ಅನ್ನುವಂತಿಲ್ಲ.

ಬರುವ ವರ್ಷಕ್ಕೆ ಯೋಸ್ಟೈನ್ ಗಾರ್ಡರ್‌ನ ‘ದಿ ಕ್ರಿಸ್‌ಮಸ್ ಮಿಸ್ಟರಿ’ ತರಿಸಿಡಿ. ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದರಂತೆ 24 ಅಧ್ಯಾಯ. ಎಲಿಸಬೆತ್ ಎಂಬ ಹುಡುಗಿ ಕುರಿಮರಿಯೊಂದರ ಹಿಂದೆ ನಾರ್ವೆಯಿಂದ ಬೆತ್ಲೆಹೆಮ್‌ಗೆ ಓಡುತ್ತಾಳೆ, ಓಡಿದಷ್ಟೂ ಕಾಲ ಹಿಂದಕ್ಕೆ ಸರಿಯುತ್ತದೆ. ಪಕ್ಕದಲ್ಲಿ ಯುರೋಪಿನ ನಕ್ಷೆ ಇರಲಿ, ಮಕ್ಕಳು ಊರು ಹುಡುಕುತ್ತಾರೆ.