ಸಿಂಗಪುರದಿಂದ ಕೌಲಾಲಂಪುರ: ವಿಮಾನವೋ, ಬಸ್ಸೋ?

ಪ್ರಶ್ನೆ: ಅಪ್ಪ-ಅಮ್ಮನನ್ನು ಬೆಂಗಳೂರಿನಿಂದ ಸಿಂಗಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಅಲ್ಲಿಂದ ಕೌಲಾಲಂಪುರ ನೋಡುವ ಆಸೆ. ವಿಮಾನದಲ್ಲಿ ಒಂದೇ ಗಂಟೆ, ಬಸ್ಸಿನಲ್ಲಿ ಐದಾರು ಗಂಟೆ ಅಂತಾರೆ. ಅಮ್ಮನಿಗೆ ಮಂಡಿ ನೋವು. ಹೋಗಿ ಬಂದವರು ದಯವಿಟ್ಟು ಹೇಳಿ.

ಒಬ್ಬರು: ಎರಡರಲ್ಲೂ ಓಡಾಡಿದ್ದೇನೆ. ವಿಮಾನದ ದಾರಿ ಸುಮಾರು 300 ಕಿ.ಮೀ. ಹೆಚ್ಚುಕಡಿಮೆ ಬೆಂಗಳೂರು–ಮಂಗಳೂರಿನಷ್ಟೇ. ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಇರುತ್ತದೆ. ಅದರಲ್ಲೂ ಮೇಲೆ ಹಾರುವುದು ಮುಕ್ಕಾಲು ಗಂಟೆ ಅಷ್ಟೇ. ಎರಡೂ ಊರಿನ ಗಡಿಯಾರ ಒಂದೇ, ಸಮಯ ಕೂಡಿಸಿ ಕಳೆಯುವ ತಲೆನೋವಿಲ್ಲ.

ಆದರೆ ಲೆಕ್ಕವನ್ನು ಮನೆ ಬಾಗಿಲಿನಿಂದ ಶುರು ಮಾಡಿ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣಕ್ಕೆ ಎರಡು ಗಂಟೆ ಮೊದಲೇ ಹೋಗಬೇಕು. ಆ ಕಡೆ ವಿಮಾನ ನಿಲ್ದಾಣ ಇರುವುದು ಸೆಪಾಂಗ್‌ನಲ್ಲಿ, ಊರಿನಿಂದ 50 ಕಿ.ಮೀ.ಗೂ ಜಾಸ್ತಿ. ನಮ್ಮ ದೇವನಹಳ್ಳಿಯೇ ಹತ್ತಿರ ಅನಿಸುತ್ತದೆ. ಟ್ಯಾಕ್ಸಿಗಿಂತ ಕೆಎಲ್‌ಐಎ ಎಕ್ಸ್‌ಪ್ರೆಸ್ ರೈಲು ವಾಸಿ. ಟರ್ಮಿನಲ್ 1ರಿಂದ ಊರೊಳಗಿನ ದೊಡ್ಡ ರೈಲು ನಿಲ್ದಾಣ ಕೆಎಲ್ ಸೆಂಟ್ರಲ್‌ಗೆ 28 ನಿಮಿಷ, ಟರ್ಮಿನಲ್ 2ರಿಂದ 33. ನಾನು ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು, ರೂಮಿನಲ್ಲಿ ಬ್ಯಾಗ್ ಇಟ್ಟಾಗ ಹನ್ನೆರಡೂವರೆ. ಬಸ್ಸಿಗೂ ಅಷ್ಟೇ ಹೊತ್ತು, ಗಡಿಯಲ್ಲಿ ಜನ ಇಲ್ಲದಿದ್ದರೆ.

ಇನ್ನೊಬ್ಬರು: ಆ "ಜನ ಇಲ್ಲದಿದ್ದರೆ" ಅನ್ನೋದೇ ಮುಖ್ಯ. ನಾವು ಅತ್ತೆಯ ಜೊತೆ ಶುಕ್ರವಾರ ಸಂಜೆ ಬಸ್ಸು ಹತ್ತಿದೆವು. ರಸ್ತೆ ಸುಮಾರು 350 ಕಿ.ಮೀ. ಸೀಟು ಅಗಲ, ಆರಾಮ. ಕಷ್ಟ ಬಂದಿದ್ದು ಗಡಿಯಲ್ಲಿ. ಸಿಂಗಪುರದ ಕಡೆಯ ವುಡ್‌ಲ್ಯಾಂಡ್ಸ್‌ನಲ್ಲಿ ಪಾಸ್‌ಪೋರ್ಟ್ ತಪಾಸಣೆಗೆ ಒಂದು ಸಲ ಇಳಿಯಬೇಕು. ಮತ್ತೆ ಹತ್ತಿ, ಸಮುದ್ರದ ಮೇಲಿನ ಒಂದು ಕಿ.ಮೀ. ಉದ್ದದ ಕಾಸ್‌ವೇ ರಸ್ತೆ ದಾಟಿದರೆ ಮಲೇಷ್ಯಾ ಕಡೆಯ ಜೊಹೊರ್ ಬಾರುವಿನಲ್ಲಿ ಇನ್ನೊಂದು ಸಲ. ಅಲ್ಲಿ ಸೂಟ್‌ಕೇಸನ್ನೂ ಎಳೆದುಕೊಂಡು ಹೋಗಬೇಕು. ಅತ್ತೆ ಎಸ್ಕಲೇಟರ್ ಮೇಲೆ ಒಂದು ಕೈಯಲ್ಲಿ ಪಾಸ್‌ಪೋರ್ಟ್, ಇನ್ನೊಂದರಲ್ಲಿ ಕಂಬಿ ಬಿಗಿಯಾಗಿ ಹಿಡಿದಿದ್ದರು. ಬೆರಳು ಬೆಳ್ಳಗಾಗಿತ್ತು. ಹಿಂದಿನಿಂದ ಜನ ಓಡಿ ಬರುತ್ತಿದ್ದರು. ಸಾಲು ಮುಗಿಸಿ ಹೊರಗೆ ಬಂದರೆ ಬಸ್ಸುಗಳೆಲ್ಲ ಒಂದೇ ತರಹ. ನಮ್ಮದು ಯಾವುದು ಅಂತ ಹುಡುಕಿ ಹುಡುಕಿ ಸುಸ್ತಾಯಿತು. ಆ ದಿನ ಒಟ್ಟು ಎಂಟು ಗಂಟೆ ಹಿಡಿಯಿತು.

ಬಸ್ಸಿನಲ್ಲೇ ಹೋಗುವುದಾದರೆ ವಾರದ ನಡುವೆ, ಬೆಳಿಗ್ಗೆ ಹೋಗಿ. ಇಳಿಯುವ ಮೊದಲು ನಂಬರ್ ಪ್ಲೇಟಿನ ಫೋಟೋ ತೆಗೆದಿಟ್ಟುಕೊಳ್ಳಿ. ಆದರೆ ಮಂಡಿ ನೋವು ಅಂದಿರಲ್ಲ, ವಿಮಾನವೇ ಸರಿ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿಬಿಡಿ, ಸಂಕೋಚ ಬೇಡ.

ಮತ್ತೊಬ್ಬರು: ಸುಮ್ನೆ ಸಿಂಗಪುರಕ್ಕೆ ಯಾಕೆ ವಾಪಸ್ ಬರ್ತೀರಿ? ಕೌಲಾಲಂಪುರದಿಂದ ಬೆಂಗಳೂರಿಗೆ ನೇರ ವಿಮಾನ ಇದೆ, ಸುಮಾರು ನಾಲ್ಕು ಗಂಟೆ. ಬರಲೇಬೇಕು ಅಂದರೆ ಸಿಂಗಪುರದ ವೀಸಾ ಮಲ್ಟಿಪಲ್ ಎಂಟ್ರಿ ಇದೆಯಾ ಅಂತ ಮೊದಲು ನೋಡಿ. ಮಲೇಷ್ಯಾ ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ಅವರ ಡಿಜಿಟಲ್ ಅರೈವಲ್ ಕಾರ್ಡ್ ಆನ್‌ಲೈನ್‌ನಲ್ಲಿ ತುಂಬಬೇಕು. ಅಪ್ಪ-ಅಮ್ಮನದ್ದು ನೀವೇ ತುಂಬಿಬಿಡಿ.

ರೂಮು ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್ ಬಡಾವಣೆಯಲ್ಲಿ ಹಿಡಿಯಿರಿ. ಕೆಎಲ್ ಸೆಂಟ್ರಲ್‌ಗೆ ಅಂಟಿಕೊಂಡೇ ಇದೆ. ರೈಲು ಇಳಿದು ಅಮ್ಮ ಜಾಸ್ತಿ ನಡೆಯಬೇಕಾಗಿಲ್ಲ, ಬೆಳಿಗ್ಗೆ ಇಡ್ಲಿ, ದೋಸೆಯೂ ಸಿಗುತ್ತದೆ.