ತೋಟದಲ್ಲಿ ಓಪನ್ ಆಗದ ಮಳೆ ಲೆಕ್ಕದ ಆ್ಯಪ್: ದೊಡ್ಡ ಸರ್ವರ್ ತಗೊಳ್ಳಬೇಕಾ?

ಪ್ರಶ್ನೆ, ಕೊಡಗಿನ ನಾಪೋಕ್ಲು ಕಡೆಯ ಬೆಳೆಗಾರ:

ನಮಸ್ಕಾರ. ಕ್ಲೌಡ್ ಕೆಲಸ ಗೊತ್ತಿರುವವರು ದಯವಿಟ್ಟು ನೋಡಿ. ನಾವು 60 ತೋಟದವರು ದಿನಾ ಬೆಳಿಗ್ಗೆ ಮಳೆ ಅಳೆದು ವಾಟ್ಸಾಪಲ್ಲಿ ಹಾಕುತ್ತಿದ್ದೆವು, "1 ಇಂಚು 35 ಸೆಂಟ್" ಅಂತ (ಒಂದು ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ). ಗುಡ್ ಮಾರ್ನಿಂಗ್ ಮೆಸೇಜುಗಳ ಅಡಿ ಅದು ಹೂತು ಹೋಗುತ್ತದೆ, ವರ್ಷದ ಕೊನೆಗೆ ಹುಡುಕಿದರೆ ಸಿಗುವುದಿಲ್ಲ. ಅದಕ್ಕೆ ನಾನೇ ಜಾವಾಸ್ಕ್ರಿಪ್ಟ್ ಕಲಿತು ಆ್ಯಪ್ ಮಾಡಿದೆ. ಜನರಿಗೆ ಕಾಣುವ ಮುಂಭಾಗಕ್ಕೆ ರಿಯಾಕ್ಟ್, ಸರ್ವರಲ್ಲಿ ಓಡುವ ಹಿಂಭಾಗಕ್ಕೆ ನೋಡ್ ಮತ್ತು ಎಕ್ಸ್‌ಪ್ರೆಸ್, ಲೆಕ್ಕ ಇಡಲು ಪೋಸ್ಟ್‌ಗ್ರೆಸ್ ಡೇಟಾಬೇಸ್. ಕ್ಲೌಡಲ್ಲಿ ಒಂದು ಸಣ್ಣ ಸರ್ವರ್ ತಗೊಂಡು ಹಾಕಿದೆ. ಮಡಿಕೇರಿಯ ಮನೆಯ ಫೈಬರಲ್ಲಿ ಪರವಾಗಿಲ್ಲ. ತೋಟದಲ್ಲಿ ನಿಂತು ತೆರೆದರೆ 50 ಸೆಕೆಂಡ್ ಬಿಳಿ ಸ್ಕ್ರೀನ್! ಜನ ಮತ್ತೆ ವಾಟ್ಸಾಪಿಗೇ ಹೋಗುತ್ತಿದ್ದಾರೆ. ಸರ್ವರ್ ಡಬಲ್ ಮಾಡಿದರೆ ಸರಿ ಹೋಗುತ್ತಾ?

ಉತ್ತರ, ವಿರಾಜಪೇಟೆಯಿಂದ ಕೆಲಸ ಮಾಡುವ ಕ್ಲೌಡ್ ಎಂಜಿನಿಯರ್:

ಇಲ್ಲ, ದಯವಿಟ್ಟು ದುಡ್ಡು ಹಾಕಬೇಡಿ. ನೀವು ಕಳಿಸಿದ ಲಿಂಕ್ ತೆರೆದು ನೋಡಿದೆ, ನಿಮ್ಮ ಸರ್ವರ್ ಸುಮ್ನೆ ಕೂತಿದೆ. ತೊಂದರೆ ಇರುವುದು ನೀವು ಕಳಿಸುವ ಭಾರದಲ್ಲಿ, ಅದು ಬರುವ ದೂರದಲ್ಲಿ.

ಮೊದಲು ಭಾರ. ನಿಮ್ಮ ಜಾವಾಸ್ಕ್ರಿಪ್ಟ್ ಬಂಡಲ್ (ಆ್ಯಪಿನ ಕೋಡೆಲ್ಲ ಸೇರಿದ ಫೈಲ್) 2.4 ಎಂಬಿ ಇದೆ. ತೋಟದ ಮೂಲೆಯಲ್ಲಿ ಸೆಕೆಂಡಿಗೆ 400 ಕಿಲೋಬಿಟ್ ಸಿಕ್ಕಿದರೆ ಅದೊಂದೇ ಬರಲು 48 ಸೆಕೆಂಡ್ ಬೇಕು. ನಿಮ್ಮ 50 ಸೆಕೆಂಡಿನ ಲೆಕ್ಕ ಅಲ್ಲೇ ಮುಗಿಯಿತು ಅಲ್ವಾ? ಬಂಡಲ್ ಅನಲೈಸರ್ ಹಾಕಿ ನೋಡಿ, ಯಾವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಎಷ್ಟು ಜಾಗ ತಿಂದಿದೆ ಅಂತ ಚಿತ್ರ ಬರುತ್ತದೆ. ಗ್ರಾಫ್ ಬಿಡಿಸುವ ಲೈಬ್ರರಿ ಮೊದಲ ಪುಟಕ್ಕೆ ಬೇಡ. ಗ್ರಾಫ್ ಪುಟ ಒತ್ತಿದಾಗ ಮಾತ್ರ ಬರುವ ಹಾಗೆ ಡೈನಾಮಿಕ್ ಇಂಪೋರ್ಟ್ ಮಾಡಿ. ದಿನಾಂಕ ತೋರಿಸಲು ದೊಡ್ಡ ಲೈಬ್ರರಿ ಯಾಕೆ? ಬ್ರೌಸರಿನಲ್ಲೇ ಇರುವ ಇಂಟ್ಲ್ ಕನ್ನಡದಲ್ಲೂ ತಿಂಗಳ ಹೆಸರು ಕೊಡುತ್ತದೆ. ಇನ್ನೊಂದು, ಎಕ್ಸ್‌ಪ್ರೆಸ್ ತಾನಾಗಿ ಫೈಲುಗಳನ್ನು ಕುಗ್ಗಿಸಿ ಕಳಿಸುವುದಿಲ್ಲ. ಮುಂದೆ ಒಂದು ಸಿಡಿಎನ್ (ಫೈಲುಗಳ ಪ್ರತಿಯನ್ನು ಜನರ ಹತ್ತಿರದ ಸರ್ವರುಗಳಿಂದ ಕೊಡುವ ಸೇವೆ) ಇಟ್ಟು, ಬ್ರಾಟ್ಲಿ ಅನ್ನುವ ಕುಗ್ಗಿಸುವ ವಿಧಾನ ಆನ್ ಮಾಡಿ, ಅಲ್ಲೇ ಮೂರರಲ್ಲಿ ಎರಡು ಭಾಗದಷ್ಟು ಇಳಿಯಬಹುದು.

ಹೆಸರಲ್ಲಿ ಹ್ಯಾಶ್ (ಒಳಗಿನ ಕೋಡಿನಿಂದ ಹುಟ್ಟುವ ಗುರುತು) ಇರುವ ಫೈಲುಗಳಿಗೆ ಕ್ಯಾಶ್ ಅವಧಿ (ಫೋನು ಪ್ರತಿ ಇಟ್ಟುಕೊಳ್ಳುವ ಕಾಲ) ಒಂದು ವರ್ಷ, ಅಂದರೆ 31536000 ಸೆಕೆಂಡ್ ಕೊಡಿ. ಕೋಡ್ ಬದಲಾದರೆ ಹೆಸರೇ ಬದಲಾಗುತ್ತದೆ, ಹಾಗಾಗಿ ಹಳೆಯದು ಸಿಕ್ಕಿಕೊಳ್ಳುವ ಭಯ ಇಲ್ಲ. ಮೊದಲು ತೆರೆಯುವ ಇಂಡೆಕ್ಸ್ ಫೈಲಿಗೆ ಮಾತ್ರ ಇದನ್ನು ಮಾಡಲೇಬೇಡಿ. ಅದಕ್ಕೆ ನೋ ಕ್ಯಾಶ್, ಅಂದರೆ ಪ್ರತಿ ಸಲ ಸರ್ವರನ್ನು ಕೇಳಿಯೇ ಬಳಸಲಿ. ಇಲ್ಲದಿದ್ದರೆ ನೀವು ಹೊಸ ಆವೃತ್ತಿ ಹಾಕಿದರೂ ಜನರ ಫೋನು ಹಳೆಯದನ್ನೇ ಹಿಡಿದುಕೊಂಡಿರುತ್ತದೆ.

ಈಗ ದೂರ. ನಿಮ್ಮ ಸರ್ವರ್ ಇರುವುದು ಅಮೆರಿಕದ ವರ್ಜೀನಿಯಾದಲ್ಲಿ. ರೀಜನ್ (ಸರ್ವರ್ ಇರುವ ಪ್ರದೇಶ) ಆರಿಸುವಾಗ ಡೀಫಾಲ್ಟ್ ಆಗಿ ಬಂದದ್ದನ್ನು ಹಾಗೇ ಬಿಟ್ಟಿದ್ದೀರಿ, ತುಂಬಾ ಜನ ಹೀಗೇ ಬಿಡುತ್ತಾರೆ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಲ್ಲಿಗೆ ಹೋಗಿ ಬರಲು ವಾಸ್ತವದಲ್ಲಿ 200 ಮಿಲಿಸೆಕೆಂಡಿಗಿಂತ ಜಾಸ್ತಿ ಆಗುತ್ತದೆ, ಯಾವ ದೊಡ್ಡ ಸರ್ವರೂ ಇದನ್ನು ಕಡಿಮೆ ಮಾಡಲಾರದು. ಅದರ ಮೇಲೆ ನಿಮ್ಮ ಮೊದಲ ಪುಟ ಒಂದೊಂದು ತೋಟದ ಮಳೆಗೂ ಒಂದೊಂದು ರಿಕ್ವೆಸ್ಟ್ ಕಳಿಸುತ್ತಿದೆ, ಒಟ್ಟು 60. ಎಲ್ಲ ತೋಟದ್ದನ್ನೂ ಒಂದೇ ಕ್ವೆರಿಯಲ್ಲಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ತಂದು ಒಂದೇ ಉತ್ತರದಲ್ಲಿ ಕೊಡಿ.

ಅಮೆಜಾನಿನ ಕ್ಲೌಡ್ ಎಡಬ್ಲ್ಯುಎಸ್‌ಗೆ 2016ರಿಂದ ಮುಂಬೈಯಲ್ಲಿ, 2022ರಿಂದ ಹೈದರಾಬಾದಿನಲ್ಲಿ ರೀಜನ್ ಇದೆ. ಗೂಗಲ್ ಕ್ಲೌಡಿಗೂ ಮುಂಬೈ ಇದೆ, ಮೈಕ್ರೋಸಾಫ್ಟಿನ ಅಜೂರ್‌ಗೆ ಪುಣೆ. ಸರ್ವರನ್ನು ಇಲ್ಲಿಗೆ ತನ್ನಿ, ಆದರೆ ಡೇಟಾಬೇಸನ್ನೂ ಜೊತೆಗೇ ತನ್ನಿ. ಸರ್ವರ್ ಮುಂಬೈಯಲ್ಲಿ, ಡೇಟಾಬೇಸ್ ವರ್ಜೀನಿಯಾದಲ್ಲಿ ಉಳಿದರೆ ಪ್ರತಿ ಕ್ವೆರಿಯೂ ಸಮುದ್ರ ದಾಟಬೇಕು. ಈಗಿನದಕ್ಕಿಂತ ಕೆಟ್ಟದಾಗುತ್ತದೆ.

ಮತ್ತೆ, ಫೈಬರಲ್ಲಿ ಕೂತು ಟೆಸ್ಟ್ ಮಾಡಬೇಡಿ. ಕ್ರೋಮಿನ ಡೆವ್‌ಟೂಲ್ಸಲ್ಲಿ ನೆಟ್‌ವರ್ಕ್ ನಿಧಾನ ಮಾಡುವ ಆಯ್ಕೆ ಇದೆ. ಅದಕ್ಕಿಂತ ಒಳ್ಳೆಯದು, ಹಳೆಯ ಫೋನ್ ಹಿಡಿದು ತೋಟಕ್ಕೇ ಹೋಗಿ.

ನಾಪೋಕ್ಲು ಬೆಳೆಗಾರ, ಎರಡು ದಿನದ ನಂತರ:

ಹೇಳಿದ್ದೆಲ್ಲ ಮಾಡಿದೆ. ಬಂಡಲ್ 310 ಕೆಬಿಗೆ ಇಳಿಯಿತು, ಬ್ರಾಟ್ಲಿ ಆದ ಮೇಲೆ 95. ಎರಡೂ ಮುಂಬೈಗೆ ಬಂದವು. ತೋಟದಲ್ಲಿ 4 ಸೆಕೆಂಡಲ್ಲಿ ತೆರೆಯಿತು, ತುಂಬಾ ಖುಷಿಯಾಯಿತು! ಆದರೆ ಎರಡು ತಲೆನೋವು. ಬೆಳಿಗ್ಗೆ ಐದಕ್ಕೇ ಎದ್ದು ಅಳೆಯುವವರ ಮಳೆ ಹಿಂದಿನ ದಿನಕ್ಕೆ ಸೇರುತ್ತಿದೆ, ನನ್ನ ಲ್ಯಾಪ್‌ಟಾಪಲ್ಲಿ ಹಾಗಾಗುವುದಿಲ್ಲ. ಇನ್ನೊಂದು, ಸಿಗ್ನಲ್ ಹೋದಾಗ ಜನ ಎರಡು ಮೂರು ಸಲ ಬಟನ್ ಒತ್ತುತ್ತಾರೆ. ಒಂದೇ ತೋಟಕ್ಕೆ 2 ಇಂಚು ಬಿದ್ದದ್ದು 4 ಇಂಚಾಗಿದೆ.

ಉತ್ತರ:

ಮೊದಲನೆಯದು ಸುಲಭ. ಕ್ಲೌಡ್ ಸರ್ವರಿನ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ (ಜಾಗತಿಕ ಸಮಯ) ಇರುತ್ತದೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಹಾಗಾಗಿ ನಮ್ಮ ಬೆಳಿಗ್ಗೆ 5.30ರ ತನಕ ಅದಕ್ಕೆ ಇನ್ನೂ ನಿನ್ನೆಯೇ. ಸಮಯವನ್ನು ಯುಟಿಸಿಯಲ್ಲೇ ಇಡಿ, ಮಳೆಯ ದಿನಾಂಕವನ್ನು ಮಾತ್ರ ಏಷ್ಯಾ ಕೋಲ್ಕತಾ ವಲಯದಲ್ಲಿ (ಭಾರತದ ಸಮಯ) ಲೆಕ್ಕ ಮಾಡಿ ಬೇರೆ ಕಾಲಮ್ಮಿನಲ್ಲಿ ಬರೆಯಿರಿ.

ಎರಡನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಊರಿನ ಆ್ಯಪಿಗೆ ಜೀವಾಳವೇ ಇದು. ಕಕ್ಕಡ ಮಾಸದ ಜೋರು ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಖಾಲಿಯಾಗುತ್ತದೆ, ಅಳೆಯಲೇಬೇಕಾದ ಮಳೆ ಬೀಳುವುದೂ ಅದೇ ದಿನ. ಆದ್ದರಿಂದ ಬಟನ್ ಒತ್ತಿದ ಕೂಡಲೇ ಮಳೆ ಮೊದಲು ಫೋನಿನ ಇಂಡೆಕ್ಸ್ಡ್ ಡಿಬಿಯಲ್ಲಿ (ಬ್ರೌಸರಿನೊಳಗಿನ ಡೇಟಾಬೇಸ್) ಸೇವ್ ಆಗಲಿ, "ಫೋನಲ್ಲಿ ಇದೆ, ಇನ್ನೂ ಹೋಗಿಲ್ಲ" ಅಂತ ತೋರಿಸಿ. ಆ ಕ್ಷಣದಲ್ಲೇ ಫೋನು ಪ್ರತಿ ದಾಖಲೆಗೂ ಒಂದು ಯುಯುಐಡಿ (ಬೇರೆ ಯಾವುದಕ್ಕೂ ಬಾರದ ಗುರುತಿನ ಸಂಖ್ಯೆ) ಕೊಡಲಿ. ಡೇಟಾಬೇಸಲ್ಲಿ ಆ ಐಡಿ ಯೂನಿಕ್, ಅಂದರೆ ಒಮ್ಮೆ ಮಾತ್ರ ಇರಬಹುದು ಅಂತ ಇಟ್ಟಿದ್ದರೆ ಒಂದೇ ದಾಖಲೆ ಹತ್ತು ಸಲ ಬಂದರೂ ಒಂದೇ ಆಗಿ ಉಳಿಯುತ್ತದೆ. ತೋಟ ಮತ್ತು ದಿನಾಂಕವನ್ನೇ ಯೂನಿಕ್ ಮಾಡೋಣ ಅನ್ನಿಸಬಹುದು, ಬೇಡ. ಜೋರು ಮಳೆಯಲ್ಲಿ ಮಾಪಕ ತುಂಬುತ್ತದೆ ಅಂತ ನಡುವೆ ಒಮ್ಮೆ ಅಳೆದು ಚೆಲ್ಲುವವರು ಇರುತ್ತಾರೆ, ಅವರ ಎರಡೂ ಲೆಕ್ಕ ನಿಜವೇ.

ಮತ್ತೆ ಕಳಿಸಲು ಬ್ಯಾಕ್‌ಗ್ರೌಂಡ್ ಸಿಂಕ್ (ನೆಟ್ ಬಂದಾಗ ಬ್ರೌಸರ್ ತಾನೇ ಕಳಿಸುವ ಸೌಲಭ್ಯ) ಒಂದನ್ನೇ ನಂಬಬೇಡಿ, ಐಫೋನಿನ ಸಫಾರಿಯಲ್ಲಿ ಅದು ಇಲ್ಲ. ಆ್ಯಪ್ ತೆರೆದಾಗಲೆಲ್ಲ ಉಳಿದದ್ದನ್ನು ಕಳಿಸಿ. ನೆಟ್ ಇದೆಯಾ ಅಂತ ಬ್ರೌಸರ್ ಹೇಳುವ ನ್ಯಾವಿಗೇಟರ್ ಆನ್‌ಲೈನ್ ಅನ್ನುವುದನ್ನೂ ಪೂರ್ತಿ ನಂಬಬೇಡಿ. ಯುಪಿಎಸ್ ಮೇಲೆ ವೈಫೈ ಓಡುತ್ತಿದ್ದು ಹೊರಗೆ ಕೇಬಲ್ ಕಡಿದಿದ್ದರೂ ಅದು "ಆನ್‌ಲೈನ್" ಅನ್ನುತ್ತದೆ.

ಹಾಂ, ಮಳೆಯನ್ನು 1.35 ಅಂತ ಇಡಬೇಡಿ. ಜಾವಾಸ್ಕ್ರಿಪ್ಟಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಬರುತ್ತದೆ. ಸೆಂಟಲ್ಲೇ 135 ಅಂತ ಪೂರ್ಣಾಂಕ ಇಡಿ. ಒಂದು ಇಂಚು 25.4 ಮಿಲಿಮೀಟರ್, ಬೇಕಾದಾಗ ತೋರಿಸುವಲ್ಲಿ ಬದಲಾಯಿಸಿ.

ಸೋಮವಾರಪೇಟೆಯಿಂದ ಒಬ್ಬರು:

ನಾವೂ ಇಂಥದ್ದು ಮಾಡಬೇಕು ಅಂತಿದ್ದೇವೆ. ಉಚಿತ ಪ್ಲಾನ್ ಸಾಕಾ? ಬಿಲ್ ಏಕಾಏಕಿ ಏರುವುದಿಲ್ಲ ತಾನೇ?

ಉತ್ತರ:

ಕೆಲವು ಉಚಿತ ಪ್ಲಾನುಗಳಲ್ಲಿ ಸ್ವಲ್ಪ ಹೊತ್ತು ಯಾರೂ ಬಾರದಿದ್ದರೆ ಸರ್ವರ್ ಮಲಗುತ್ತದೆ. ಬೆಳಿಗ್ಗೆ ಮೊದಲು ತೆರೆದವರು ಅದು ಏಳುವ ತನಕ ಕಾಯಬೇಕು. ಫೋನಲ್ಲೇ ಮೊದಲು ಸೇವ್ ಆಗುವ ಹಾಗೆ ಮಾಡಿದ್ದರೆ ಇದು ದೊಡ್ಡ ತೊಂದರೆ ಅಲ್ಲ, ಹಾಗಾಗಿ ಶುರುವಿಗೆ ಉಚಿತವೇ ಸಾಕು. ಆದರೆ ತೋಟದ ಫೋಟೋ ಹಾಕುವುದಾದರೆ ಸರ್ವರಿನ ಡಿಸ್ಕಲ್ಲಿ ಇಡಬೇಡಿ, ಇಂಥ ಕಡೆ ಮುಂದಿನ ಸಲ ಹೊಸ ಆವೃತ್ತಿ ಹಾಕಿದಾಗ ಅಳಿಸಿ ಹೋಗುವುದೇ ಜಾಸ್ತಿ. ಆಬ್ಜೆಕ್ಟ್ ಸ್ಟೋರೇಜಲ್ಲಿ (ಫೈಲುಗಳನ್ನು ಇಡಲೆಂದೇ ಇರುವ ಕ್ಲೌಡ್ ಸೇವೆ) ಇಡಿ. ಬಿಲ್ಲಿನ ವಿಷಯಕ್ಕೆ, ಕಾರ್ಡ್ ಕೊಟ್ಟ ದಿನವೇ ಬಜೆಟ್ ಅಲರ್ಟ್ ಹಾಕಿ. ಅಲರ್ಟ್ ಅಂದರೆ ಮೇಲ್ ಬರುತ್ತದೆ ಅಷ್ಟೇ, ತಾನಾಗಿ ಏನೂ ನಿಲ್ಲುವುದಿಲ್ಲ. ಆ ಮೇಲ್ ದಿನಾ ನೋಡುವ ಐಡಿಗೇ ಬರಲಿ.

ನಾಪೋಕ್ಲಿನವರೇ, ಯುಯುಐಡಿ ಹಾಕಿದ ಮೇಲೆ ಏರ್‌ಪ್ಲೇನ್ ಮೋಡಲ್ಲಿ ಐದು ಸಲ ಒತ್ತಿ, ಆಮೇಲೆ ನೆಟ್ ಆನ್ ಮಾಡಿ ನೋಡಿ. ಒತ್ತಿದ ಬಟನ್ ಸೇವ್ ಆದ ಕೂಡಲೇ ಮಂಕಾಗಬೇಕು, ಇಲ್ಲದಿದ್ದರೆ ಒಂದೊಂದು ಒತ್ತಿಗೂ ಹೊಸ ಐಡಿ ಹುಟ್ಟುತ್ತದೆ. ಎಷ್ಟು ದಾಖಲೆ ಬಂತು ಅಂತ ಇಲ್ಲೇ ಹಾಕಿ.